ಗ್ವಾಡಿಗಿ ಹಚ್ಚಿದ ಹೊರಸು

ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ನನಗ ಎಪ್ಪತ್ತಕ್ಕ ಎರಡು ಕಮ್ಮಿ. ಮೊದಲನೇ ಕೀಮೋ ಆದ ಮ್ಯಾಗ ಕಲಬುರಗಿ ಡಾಕ್ಟರ್ ಮುಚ್ಚುಮರಿ ಮಾಡಲಿಲ್ಲ. "ದಿನಾ ನಡೀರಿ ಅಮ್ಮಾ. ಮೈಯಾಗ ತಾಕತ್ತಿದ್ರ ಮಾತ್ರ ಮುಂದಿನ ಕೀಮೋ ಕೊಡ್ತೀನಿ. ಇಲ್ಲಂದ್ರ ನಿಲ್ಲಸಬೇಕಾಗ್ತದ" ಅಂದ್ರು.

ಶಹಾಬಾದಿನ ನಮ್ಮನ್ಯಾಗ ಅದನ್ನ ಕೇಳೋರು ಯಾರು? "ಮಕ್ಕೋ ಅವ್ವಾ, ಏಳಬ್ಯಾಡ" ಅಂತ ಮಗ. ಮಾತಾಡ್ಸಲಿಕ್ಕ ಬಂದೋರೆಲ್ಲ ಬಿಸ್ಕೀಟ್ ಪುಡಾ ಕೈಗಿಟ್ಟು "ಮಕ್ಕೊಂಡೇ ಇರ್ರಿ" ಅನ್ನೋರು. ಮಕ್ಕೊಂಡೆ. ಒಂದಿನ ಪಾಯಖಾನಿಯಿಂದ ಏಳಲಿಕ್ಕ ಸೊಸಿ ಕೈ ಹಿಡೀಬೇಕಾತು. ಹೆದರಿಕಿ ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ರೋಗ ಕರುಳು ತಿಂದ್ರ ತಿನ್ನಲಿ, ಕಾಲು ನಾ ಯಾಕ ಬಿಟ್ಟುಕೊಡ್ಲಿ?

ಮರುದಿನ ಫರ್ಸಿ ಕಲ್ಲು ಕೊಯ್ಯೋ ಮಷೀನಿನ ತನಕ ನಡದೆ. ಅಲ್ಲಿ ಒಟ್ಟಿದ ಫರ್ಸಿ ಮ್ಯಾಗ ಕುಂತು, ದಮ್ಮು ತಗೊಂಡು ತಿರುಗಿ ಬಂದೆ. ಹದಿನೈದು ದಿನದಾಗ ಕಲ್ಲಿನ ಖಣಿ ತಿರುವಿನ ತನಕ ಹೋಗಾಕತ್ತಿದೆ. ನಾ ಮಕ್ಕೊಳ್ಳೋ ಹೊರಸು ಕಂಡ್ರ ಸಾಕು ಮೈ ಬೀಳ್ತಿತ್ತು. ಒಂದು ಮುಂಜಾನಿ ಸೊಸಿ ಕೈಲೆ ಅದನ್ನ ಎತ್ತಿಸಿ ಗ್ವಾಡಿಗಿ ಹಚ್ಚಿಸಿದೆ. ಗಾದಿ ಅಂಗಳದಾಗ ಬಿಸಿಲಿಗಿ ಹಾಕಿಸಿದೆ. ಆಕಿ ಸಂತಿಗಿ ಹೋದಳು, ನಾ ಖಣಿ ಕಡಿ ಹೊಂಟೆ.

ಅವತ್ತೇ ನಾಲವಾರದಿಂದ ರೈಲಿಗಿ ನನ್ನ ನಾದಿನಿ ಬಂದಾಳ. ನಾ ತಿರುಗಿ ಬರೂದ್ರಾಗ ಓಣಿ ತುಂಬ ಮಂದಿ. ಆಕಿ ನಮ್ಮ ಕಟ್ಟಿ ಮ್ಯಾಗ ಕುಂತು ಎದಿ ಬಡ್ಕೊಂಡು "ವೈನೀ, ನನ್ನ ಮಾರಿ ನೋಡಲಾರ್ದೇ ಹೋದ್ರಲ್ಲಾ!" ಅಂತ ಅಳಾಕತ್ತಾಳ.

ಮಂದಿನ್ನ ಸರಿಸಿ ಮುಂದ ಹೋದೆ. "ಯಾರು ಸತ್ತಾರೇ?"

ಆಕಿ ಕಟ್ಟಿಯಿಂದ ಧಡಕ್ಕನ ಎದ್ದಳು. "ಸತ್ತವರ ಮನ್ಯಾಗಿನಂಗ ಹೊರಸು ನಿಂದ್ರಿಸಿ, ಗಾದಿ ಹೊರಗ ಹಾಕಿದ್ರ ನಾ ಏನ್ ತಿಳ್ಕೋಬೇಕು ವೈನಿ?" ಅಂದು ತೆಕ್ಕಿ ಬಡದು ಮತ್ತ ಅತ್ತಳು.

"ಅಳೂದಿದ್ರ ನಡ್ಕೋತ ಅಳು" ಅಂತ ಕೈ ಹಿಡದು ಮತ್ತ ಖಣಿ ಕಡಿ ಎಳ್ಕೊಂಡು ಹೋದೆ. ಅರ್ಧ ದಾರ್ಯಾಗ ತೇಕು ಹತ್ತಿ ಆಕಿನೇ ಕುಂತಳು. ನಾ ನಿಂತೇ ಇದ್ದೆ. ಭಾಳ ದಿನದ ಮ್ಯಾಗ ಹೊಟ್ಟಿ ಹಿಡ್ಕೊಂಡು ನಕ್ಕೆ.

ಮುಂದಿನ ವಾರ ಡಾಕ್ಟರ್ ಕೈ ಊರಲಾರ್ದೇ ಕುರ್ಚಿಯಿಂದ ಐದು ಸಲ ಏಳ್ರಿ ಅಂದ್ರು. ಎದ್ದೆ. ಆರನೇದು ಅವರು ಕೇಳಿದ್ದಿಲ್ಲ, ಆದ್ರೂ ಎದ್ದೆ. ಕೀಮೋ ಬರದ್ರು.

ಕೀಮೋ ಏರಿಸಿದ ಮ್ಯಾಗ ಎರಡು ದಿನ ತಲಿ ಎತ್ತಲಿಕ್ಕಾಗಲಿಲ್ಲ, ಸುಳ್ಳ್ಯಾಕ ಹೇಳ್ಲಿ. ಮೂರನೇ ದಿನ ಎದ್ದು ಗ್ವಾಡಿ ಹಿಡ್ಕೊಂಡು ನಿಂತೆ. ಮಗ ಬಾಗಿಲದಾಗಿಂದ ನೋಡಿದ. ಒಳಗ ಬಂದು ಹೊರಸು ಎತ್ತಿ ಗ್ವಾಡಿಗಿ ಹಚ್ಚಿದ, ನನ್ನ ಚಪ್ಪಲಿ ಕಾಲ ಮುಂದ ತಂದಿಟ್ಟ.

"ನಡಿ ಅವ್ವಾ" ಅಂದ.