ಕಪ್ಪೆಯಿಲ್ಲದ ಪರೀಕ್ಷೆ

ಕಲ್ಲು ಮೇಡಂ ಬಸ್ ಹತ್ತುವಾಗ ಅವರ ಕೈಚೀಲ ಹಿಡಿದುಕೊಳ್ಳಲು ಮುಂದೆ ಬಂದವರು ಎರಡನೇ ಸಲ ಬರುವುದಿಲ್ಲ. ಊಟದ ಡಬ್ಬಿ, ಭೂತಗನ್ನಡಿ, ಮೊಂಡು ಸುತ್ತಿಗೆ, ದಾರಿಯಲ್ಲಿ ಸಿಕ್ಕಿದ ಒಂದೆರಡು ಕಲ್ಲು ಅದರಲ್ಲಿ ಯಾವಾಗಲೂ ಇರುತ್ತವೆ. “ಸೊಸೆ ಕಾಲೇಜಲ್ಲಿ ಪಾಠ ಮಾಡ್ತಾಳೋ, ಗಾರೆ ಕೆಲಸ ಮಾಡ್ತಾಳೋ, ಚೀಲ ನೋಡಿದ್ರೆ ಗೊತ್ತಾಗಲ್ಲ” ಎಂದು ಅತ್ತೆ ಪಕ್ಕದ ಮನೆಯಾಕೆಗೆ ಹೇಳುವುದುಂಟು. ಮೇಡಂ ಕೇಳಿಸಿಕೊಂಡು ನಕ್ಕುಬಿಡುತ್ತಾರೆ.

ಅವರು ಕಲಿಸುವುದು ಪದವಿಯ ಮೊದಲ ವರ್ಷದವರಿಗೆ, ಭೂವಿಜ್ಞಾನದ ಪರಿಚಯ ಪಾಠ. ಅದಕ್ಕೆಂದೇ ಆಸೆಪಟ್ಟು ಬರುವವರು ಕಡಿಮೆ. ಬೇರೆ ವಿಷಯದಲ್ಲಿ ಜಾಗ ಸಿಗದವರು, ಗಣಿತಕ್ಕೆ ಹೆದರಿದವರು, ಗೆಳತಿ ಸೇರಿದಳೆಂದು ಹಿಂದೆ ಬಂದವರು, ಹೀಗೆ ತರಗತಿ ತುಂಬುತ್ತದೆ. ಮೇಡಂ ಕೂಡ ಒಂದು ಕಾಲದಲ್ಲಿ ಹಾಗೆ ಬಂದವರೇ. ಬಂದ ಮೇಲೆ ಮನಸ್ಸು ಅಲ್ಲೇ ಬೇರು ಬಿಟ್ಟಿತು. ಪ್ರಯೋಗಾಲಯ ಇರುವುದು ನೆಲಮಹಡಿಯ ಕೊನೆಯಲ್ಲಿ, ಮೆಟ್ಟಿಲ ಪಕ್ಕ. ಕಲ್ಲು ತುಂಬಿದ ಬೀರುಗಳ ಭಾರವನ್ನು ಮೇಲಿನ ಮಹಡಿ ತಡೆಯುವುದಿಲ್ಲ ಎಂದು ಹಿಂದೆ ಯಾವನೋ ಇಂಜಿನಿಯರು ಹೇಳಿದ್ದನಂತೆ.

ಅವರ ಹೆಮ್ಮೆಯೆಂದರೆ ಪ್ರಾಯೋಗಿಕ ಪರೀಕ್ಷೆಯ ಫಲಿತಾಂಶ. ಕಾಲೇಜಿನ ಬೇರೆ ವಿಭಾಗಗಳು ಏಳುತ್ತಿದ್ದವು, ಬೀಳುತ್ತಿದ್ದವು. ಇಲ್ಲಿ ಮಾತ್ರ ಪ್ರತಿವರ್ಷ ನೂರಕ್ಕೆ ನೂರು. ಟ್ರೇಯಲ್ಲಿ ಸಾಲಾಗಿ ಕಲ್ಲುಗಳನ್ನು ಇಡುವುದು, ಮಕ್ಕಳು ಒಂದೊಂದನ್ನೂ ನೋಡಿ ಹೆಸರು ಬರೆಯುವುದು. ತಡವರಿಸುವವರೇ ಇರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬ್ಯಾಂಕಿನಲ್ಲಿ ಮ್ಯಾನೇಜರು, ಎದುರಾದಾಗಲೆಲ್ಲ “ಮೇಡಂ, ಕಪ್ಪೆ ಚೆನ್ನಾಗಿದೆಯಾ?” ಎಂದು ಕೇಳುತ್ತಿದ್ದ. ಪಕ್ಕದ ಪ್ರಾಣಿಶಾಸ್ತ್ರ ವಿಭಾಗದ ಹಳೇ ತಮಾಷೆ ಇರಬೇಕೆಂದು ಮೇಡಂ “ಚೆನ್ನಾಗಿದೆಯಪ್ಪಾ” ಅನ್ನುತ್ತಿದ್ದರು.

ಈ ವರ್ಷ, ಕಾಲೇಜಿನೊಳಗಿನ ಪೂರ್ವಸಿದ್ಧತಾ ಪರೀಕ್ಷೆಯ ಬೆಳಿಗ್ಗೆ, ಟ್ರೇ ಒರೆಸುವಾಗ ಒಂದು ಕಲ್ಲು ಕೈಜಾರಿ ಸಿಮೆಂಟು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಅದು. ಮೇಡಂಗೆ ಬೇಸರವೇನೂ ಆಗಲಿಲ್ಲ. ಫೆಲ್ಡ್‌ಸ್ಪಾರ್ ಚಪ್ಪಟೆಯಾಗಿ, ಮೆಟ್ಟಿಲು ಕಡಿದ ಹಾಗೆ ಸೀಳುತ್ತದೆ. ಅದನ್ನು ಗುರುತಿಸುವುದೇ ಆ ಸೀಳಿನಿಂದ. ವರ್ಷಾನುಗಟ್ಟಲೆ ಕೈಬೆವರು ಮೆತ್ತಿಕೊಂಡು ಮಂಕಾಗಿದ್ದ ಕಲ್ಲು ಈಗ ಮುಖ ತೊಳೆದುಕೊಂಡ ಹಾಗಿತ್ತು. ಒಂದು ಹೋಳನ್ನು ಹಳೆಯ ಜಾಗದಲ್ಲೇ ಇಟ್ಟರು.

ಆ ಕಲ್ಲಿನ ಹೆಸರನ್ನು ತರಗತಿಯಲ್ಲಿ ಒಬ್ಬರೂ ಸರಿಯಾಗಿ ಬರೆಯಲಿಲ್ಲ.

“ನೀವು ಫೆಲ್ಡ್‌ಸ್ಪಾರ್ ಇಟ್ಟೇ ಇಲ್ಲ ಮೇಡಂ” ಎಂದಳು ಮುಂದಿನ ಬೆಂಚಿನ ಹುಡುಗಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಅವಳಿಗೆ ಗೆಳತಿಯರು ಇಟ್ಟ ಹೆಸರು ಗಡಿಬಿಡಿ.

“ಇಟ್ಟಿದ್ದೀನಲ್ಲೇ. ಮೂಲೇಲಿರೋದು ಏನು ಮತ್ತೆ?”

“ಅದೆಲ್ಲಿ ಕಪ್ಪೆ ಥರ ಇದೆ?”

ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ ಎಂಬುದು ಗೊತ್ತಾದ ಮೇಲೆ ನಗು ತಾನಾಗಿ ಇಂಗಿತು. ಗದರದೆ, ರೇಗದೆ ಕೇಳಿದಾಗ ಒಂದೊಂದೇ ಹೊರಬಿತ್ತು. ಕೂತ ಕಪ್ಪೆಯಂಥದ್ದು ಫೆಲ್ಡ್‌ಸ್ಪಾರ್. ಬೋಳುತಲೆಯಂಥದ್ದು ಬೆಣಚುಕಲ್ಲು. ನೀಲಿ ಪೇಂಟು ತಾಗಿದ್ದು ಕ್ಯಾಲ್ಸೈಟ್. ಇಸ್ತ್ರಿಪೆಟ್ಟಿಗೆ ಅಂದರೆ ಬಸಾಲ್ಟ್. ಪರೀಕ್ಷೆಯ ಹಿಂದಿನ ದಿನ ಸೀನಿಯರುಗಳು ಮೆಟ್ಟಿಲ ಮೇಲೆ ಕೂತು ಜೂನಿಯರುಗಳಿಗೆ ಇದನ್ನು ಹೇಳಿಕೊಡುತ್ತಿದ್ದರು. ಹೇಳಿಸಿಕೊಂಡವರು ಮರುವರ್ಷ ತಾವು ಹೇಳುತ್ತಿದ್ದರು. ಬ್ಯಾಂಕ್ ಮ್ಯಾನೇಜರ್ ಇಷ್ಟು ವರ್ಷ ಯಾರ ಕ್ಷೇಮ ವಿಚಾರಿಸುತ್ತಿದ್ದ ಎಂಬುದು ಮೇಡಂಗೆ ಆಗ ಹೊಳೆಯಿತು.

ಸಂಜೆ ಕಾಫಿ ಆರಿ ತಣ್ಣಗಾದರೂ ಲೋಟ ಮುಟ್ಟದ ಸೊಸೆಯನ್ನು ಅತ್ತೆ ನೋಡಿದರು.

“ಏನೇ, ಕಲ್ಲು ಹೊತ್ತಿದ್ದು ಸಾಲದೂಂತ ನುಂಗಿಬಿಟ್ಯಾ?”

ಮೇಡಂ ನಡೆದದ್ದು ಹೇಳಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಜಾಣ ಮಕ್ಕಳು! ಪಾಸಾದ್ರಲ್ಲ, ನಿನ್ನ ಗಂಟೇನು ಹೋಯ್ತು?”

“ಇಷ್ಟು ವರ್ಷ ನಾನೇನು ಕಲಿಸ್ದೆ ಅತ್ತೆ? ಕಪ್ಪೇನಾ?”

ಅತ್ತೆ ನಗು ನಿಲ್ಲಿಸಿದರು. ಕಾಫಿಯನ್ನು ಒಯ್ದು ಬಿಸಿ ಮಾಡಿ ತಂದುಕೊಟ್ಟರು.

ಮರುದಿನ ಮೇಡಂ ಪ್ರಾಂಶುಪಾಲರ ಮುಂದೆ ನಿಂತರು. ಹಳೆಯ ಟ್ರೇ ಬೀರುವಿಗೆ ಸೇರಲಿ, ಈ ಸಲ ಹೊರಗಿನಿಂದ ಬರುವ ಪರೀಕ್ಷಕರು ತಮ್ಮ ಕಲ್ಲು ತಾವೇ ತರಲಿ ಎಂದು ಕೇಳಿದರು.

“ನಡೀತಿರೋ ಗಾಡಿಗೆ ನೀವೇ ಕಲ್ಲು ಅಡ್ಡ ಇಡ್ತೀರಲ್ಲಮ್ಮಾ” ಎಂದರು ಪ್ರಾಂಶುಪಾಲರು. “ಆ ಕೋಣೇನ ಕಂಪ್ಯೂಟರಿಗೆ ಕೊಡಿ ಅಂತ ಆಡಳಿತ ಮಂಡಳಿ ನನ್ನ ಜೀವ ತಿಂತಿದೆ. ನೂರಕ್ಕೆ ನೂರು ಅಂತ ತೋರಿಸಿ ಉಳಿಸ್ಕೊಂಡು ಬಂದಿದ್ದೀನಿ.”

“ಆ ನೂರು ನಮ್ಮದಲ್ಲ ಸಾರ್.” ಮೇಡಂ ಕಪ್ಪೆಯ ಕಥೆ ಹೇಳಿದರು. ಪ್ರಾಂಶುಪಾಲರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಫಲಿತಾಂಶ ಬಿದ್ರೆ ಪಾಠಾನೂ ಮುಚ್ಚುತ್ತೆ. ಆಮೇಲೆ ನನ್ನ ದೂರಬೇಡಿ.”

“ದೂರಲ್ಲ ಸಾರ್.”

ಹೇಳುವುದೇನೋ ಹೇಳಿ ಬಂದರು. ಪರೀಕ್ಷೆ ಹತ್ತಿರದಲ್ಲಿತ್ತು. ಬಸ್ ಡಿಪೋ ಹಿಂದೆ ರಸ್ತೆ ಅಗಲ ಮಾಡಲು ಗುಡ್ಡ ಕಡಿಯುತ್ತಿದ್ದರು. ಮೇಡಂ ತರಗತಿಯನ್ನೇ ಅಲ್ಲಿಗೆ ನಡೆಸಿದರು. ಅವರವರು ಆರಿಸಿ ಒಡೆದದ್ದು ಮರುದಿನದ ಪಾಠ. ಚಾಕುವಿನಿಂದ ಗೀರುವುದು, ಕಲ್ಲಿನಿಂದ ಗಾಜು ಗೀರುವುದು, ತೆಳು ಆಸಿಡ್ಡಿನ ಹನಿ ಬಿಟ್ಟು ನೊರೆ ಬರುತ್ತದೆಯೇ ನೋಡುವುದು, ಬೆಳಕಿಗೆ ಹಿಡಿದು ತಿರುಗಿಸುವುದು. ಸಂಜೆ ಟ್ರೇ ಖಾಲಿ. ಮರುದಿನ ಬೇರೆ ಕಲ್ಲು. ಯಾವ ಕಲ್ಲಿಗೂ ಅಡ್ಡಹೆಸರು ಅಂಟಲು ಪುರಸೊತ್ತಿರಲಿಲ್ಲ.

“ಹಿಂದಿನೋರಿಗೆ ಕಪ್ಪೆ, ನಮಗೆ ಮಾತ್ರ ಗುಡ್ಡಾನಾ ಮೇಡಂ?” ಎಂದು ಗಡಿಬಿಡಿ ಮುಖ ಊದಿಸಿದಳು.

“ಕೈಯಲ್ಲಿ ಹಿಡಿದು ಆಮೇಲೆ ಮಾತಾಡು. ಬಾಯಿ ಮುಂದೆ, ಕಣ್ಣು ಹಿಂದೆ ಆಗಬಾರದು.”

ಪರೀಕ್ಷೆಯ ದಿನ ದಪ್ಪ ಕನ್ನಡಕದ ಮುದುಕರು ಬಟ್ಟೆಚೀಲ ಹಿಡಿದು ಬಂದರು. ಚೀಲದ ಭಾರಕ್ಕೆ ಅವರ ಒಂದು ಭುಜ ಇಳಿದಿತ್ತು. ಮೇಡಂ ಕಿಟಕಿಯ ಹತ್ತಿರ ನಿಂತರು. ಯಾರಿಗೂ ಕಣ್ಸನ್ನೆ ಮಾಡಿದಂತಾಗಬಾರದೆಂದು ಹೊರಗಿನ ಸೈಕಲ್ ಸ್ಟ್ಯಾಂಡನ್ನೇ ನೋಡುತ್ತಿದ್ದರು. ಹಿಂದಿನಿಂದ ಗಾಜು ಗೀರುವ ಸದ್ದು ಕೇಳಿಸುತ್ತಿತ್ತು. ಹಿಂದೆಂದೂ ಈ ಪರೀಕ್ಷೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ.

ಗಡಿಬಿಡಿಗೆ ಸಿಕ್ಕಿದ್ದು ಹಾಲುಬಿಳುಪಿನ ಒಂದು ಗಡ್ಡೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಗಾಜಿನ ಮೇಲೆ ಎಳೆದಳು. ಆಸಿಡ್ ಬಿಟ್ಟಳು. ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದಳು.

“ಫೆಲ್ಡ್‌ಸ್ಪಾರ್ ಸಾರ್.”

“ನಿಮ್ಮ ಕಡೆ ಅದು ಗುಲಾಬಿ ಅಲ್ವೇನಮ್ಮಾ? ಇದು ಬೆಳ್ಳಗಿದೆ. ಬೆಣಚುಕಲ್ಲು ಯಾಕಾಗಬಾರದು?”

“ಗಾಜನ್ನೇನೋ ಗೀರ್ತು ಸಾರ್. ಆದ್ರೆ ಬೆಣಚುಕಲ್ಲು ಹೀಗೆ ಚಪ್ಪಟೆಯಾಗಿ ಸೀಳಲ್ಲ. ನೊರೆ ಬರಲಿಲ್ಲ, ಅದಕ್ಕೆ ಕ್ಯಾಲ್ಸೈಟೂ ಅಲ್ಲ. ಬಣ್ಣ ಹೇಗಾದ್ರೂ ಇರಬಹುದು ಸಾರ್, ಸೀಳು ಸುಳ್ಳು ಹೇಳಲ್ಲ.”

ಮೇಡಂ ಸೈಕಲ್ ಸ್ಟ್ಯಾಂಡಿನಿಂದ ಕಣ್ಣು ಕೀಳಲಿಲ್ಲ. ಆದರೆ ಸೈಕಲ್ಲುಗಳು ಮಂಜುಮಂಜಾದವು.

ಫಲಿತಾಂಶ ಬಂತು. ನಾಲ್ವರು ಫೇಲು. ಪ್ರಾಂಶುಪಾಲರು ಪರೀಕ್ಷಕರಿಗೆ ಫೋನ್ ಮಾಡಿ, ಮೇಡಂ ಎದುರಲ್ಲೇ ಸ್ಪೀಕರ್ ಹಾಕಿದರು.

“ಯಾವತ್ತೂ ಹೀಗಾಗಿರಲಿಲ್ಲ ಸಾರ್. ಏನಾಯ್ತು?”

“ಏನಾಗೋದು? ಸುಮಾರು ಕಾಲೇಜು ನೋಡಿದ್ದೀನಿ. ಎಲ್ಲಾ ಕಡೆ ಮಕ್ಕಳು ಕಲ್ಲನ್ನ ದೂರದಿಂದ ನೋಡಿ ಹೆಸರು ಬರೀತಾರೆ. ನಿಮ್ಮಲ್ಲಿ ಪರೀಕ್ಷೆ ಮಾಡಿ ಬರೆದ್ರು.”

“ಫೇಲಾದೋರು?”

“ಅವರೂ ಪರೀಕ್ಷೆ ಮಾಡಿಯೇ ಫೇಲಾದ್ರು. ಇನ್ನೊಂದು ಸಲ ಕೂತ್ರೆ ಪಾಸಾಗ್ತಾರೆ. ಬೇಕಾದ್ರೆ ನಿಮ್ಮ ಮಂಡಳಿಗೆ ನಾನೇ ಬಂದು ಹೇಳ್ತೀನಿ.”

ಮುಂದಿನ ಸಭೆಗೆ ಅವರು ಬಂದೂ ಹೇಳಿದರು. ಸಭೆ ಮುಗಿದ ಮೇಲೆ ಪ್ರಾಂಶುಪಾಲರು ಪ್ರಯೋಗಾಲಯದ ಬಾಗಿಲಿಗೇ ಬಂದರು. “ಕೋಣೆ ನಿಮ್ಮದೇ ಮೇಡಂ. ಕಂಪ್ಯೂಟರು ಮೇಲಿನ ಮಹಡಿಗೆ ಹೋಗುತ್ತೆ.”

ಆ ಸಂಜೆ ಪಕ್ಕದ ಮನೆಯಾಕೆ ಜಗುಲಿಯಲ್ಲಿ ಕೂತಿದ್ದರು. ಮೇಡಂ ಗೇಟು ತೆರೆಯುವಷ್ಟರಲ್ಲಿ ಅತ್ತೆಯ ಮಾತು ಕೇಳಿಸಿತು. ತನ್ನ ಮಗಳ ಕಾಲೇಜಿನಲ್ಲಿ ಎಲ್ಲರೂ ಪಾಸಾದರೆಂದು ಪಕ್ಕದ ಮನೆಯಾಕೆ ಹೇಳಿರಬೇಕು.

“ಎಲ್ಲರನ್ನೂ ಪಾಸು ಮಾಡೋದು ಯಾವ ದೊಡ್ಡ ವಿಷಯ?” ಎನ್ನುತ್ತಿದ್ದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. “ನಮ್ಮ ಸೊಸೆ ನಾಲ್ಕು ಜನಾನ ಫೇಲ್ ಮಾಡಿದ್ದಾಳೆ. ಅವಳ ಹತ್ರ ಪಾಸಾಗೋದೂಂದ್ರೆ ಸುಮ್ನೆ ಅಲ್ಲ, ತಿಳ್ಕೋ!”