ಜಿಂಕೆಗೂ ಹಂದಿಗೂ ಒಂದೇ ತೋಟೆ

ಮೊನ್ನೆ ತುಮಕೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತ ರೈತರೊಬ್ಬರು ಉದ್ದನೆಯ ಗಂಟೊಂದನ್ನು ತೊಡೆಗೆ ಒರಗಿಸಿಕೊಂಡಿದ್ದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹುರಿಯಿಂದ ಬಿಗಿದ ಗಂಟು. ಚುನಾವಣೆ ಬಂತಲ್ಲ, ಬೆಳೆ ಕಾಯಲು ಲೈಸೆನ್ಸ್ ಪಡೆದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕು. "ಹಂದಿಗಳಿಗೆ ಮಾತ್ರ ನೀತಿಸಂಹಿತೆ ಇಲ್ಲ ನೋಡಿ ಸಾರ್" ಎಂದು ಅವರು ನಕ್ಕರು. ಬಸ್ಸು ಕುಲುಕಿದಾಗಲೆಲ್ಲ ಬಟ್ಟೆಯ ಸಂದಿಯಿಂದ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬರುತ್ತಿತ್ತು. ಆ ವಾಸನೆಗೆ ನಿಮಗಾದರೆ ಕಾಡು ನೆನಪಾದೀತು. ನನಗೆ ನೆನಪಾದದ್ದು ಕುವೈತಿನ ಅಬು ಹಲೀಫಾದ ಒಂದು ಫ್ಲಾಟು, ಅದರಲ್ಲೂ ಅದರ ಬಚ್ಚಲಮನೆಯ ಬಾಗಿಲು.

ಆ ಬಾಗಿಲು ಒಂದು ದಿನವೂ ಕಿರುಗುಟ್ಟಿದ್ದಿಲ್ಲ. ನನ್ನ ಜೊತೆ ಅಲ್ಲಿ ವಾಸವಿದ್ದ ಸಿರಿಲಣ್ಣ ಅದರ ಕೀಲುಗಳಿಗೆ ಅಸಲಿ ಕೋವಿ ಎಣ್ಣೆ ಬಿಡುತ್ತಿದ್ದರು. ಬೇಟೆ ಸಾಮಾನಿನ ಅಂಗಡಿಯೊಂದರಿಂದ ಸಣ್ಣ ಬಾಟಲಿ ತಂದಿಟ್ಟುಕೊಂಡಿದ್ದರು. ಕೋವಿ ಇರಲಿಲ್ಲ, ಎಣ್ಣೆ ಇತ್ತು. ಕೀಲಿಗೆ ಬಿಟ್ಟಾದ ಮೇಲೆ ಬೆರಳನ್ನು ಮೂಸಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುವರು. ನಾನು ಹೊರಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಯುವೆ.

ಸಿರಿಲಣ್ಣ ಬೆಳ್ತಂಗಡಿ ಕಡೆಯ ಕ್ರಿಶ್ಚಿಯನ್ನರು. ಎಣ್ಣೆ ಬಾವಿಗಳ ಗುತ್ತಿಗೆದಾರರೊಬ್ಬರ ಹತ್ತಿರ ಸೇಫ್ಟಿ ವಿಭಾಗದಲ್ಲಿದ್ದರು. ನಾನು ಕುವೈತ್ ನಗರದ ಶರ್ಕ್ ಬಡಾವಣೆಯ ಆಫೀಸೊಂದರಲ್ಲಿ ಲೆಕ್ಕ ಬರೆಯುವವನು. ಅವರ ಮನೆಮಾತು ಕೊಂಕಣಿ, ಬೀದಿಮಾತು ತುಳು. ನನಗೆ ಎರಡೂ ಬಾರದು. ಬಯಲುಸೀಮೆಯ ಈ ಬಡಪಾಯಿಯ ಮೇಲಿನ ಕರುಣೆಯಿಂದಾಗಿ ನಮ್ಮ ಫ್ಲಾಟಿನಲ್ಲಿ ಕನ್ನಡ ಉಳಿದಿತ್ತು. ದೀಪಾವಳಿಯಲ್ಲಿ ಲಕ್ಷ್ಮಿ ಪಟಾಕಿಗೆ ಕಿವಿ ಮುಚ್ಚಿಕೊಂಡು ಕೋಣೆ ಸೇರುತ್ತಿದ್ದ ನನಗೆ ಬಂದೂಕಿನ ಪಾಠ ಆರಂಭವಾದದ್ದೂ ಆ ಕನ್ನಡದಲ್ಲೇ.

ಪಾಠಕ್ಕೆ ಕಾರಣ ಇಂಟರ್ನೆಟ್ಟು. ಅದು ಫ್ಲಾಟಿಗೆ ಬಂದದ್ದೇ ತಡ, ಸಿರಿಲಣ್ಣ ಅಮೆರಿಕದ ಬೇಟೆಗಾರರು ಹರಟುವ ತಾಣವೊಂದನ್ನು ಹೊಕ್ಕುಬಿಟ್ಟರು. ಅಲ್ಲಿ ವರ್ಷವಿಡೀ ನಡೆಯುತ್ತಿದ್ದದ್ದು ಒಂದೇ ಜಗಳ. ಜಿಂಕೆಯ ಮೈ ಮೆತ್ತಗೆ, ದೊಡ್ಡ ಗುಂಡು ಹೊಡೆದರೆ ಮಾಂಸ ಹಾಳು. ಹಂದಿಯ ಹೆಗಲ ಮೇಲೆ ಗುರಾಣಿಯಂಥ ದಪ್ಪ ಚರ್ಮ, ಸಣ್ಣ ಗುಂಡು ಹೊಡೆದರೆ ಅದು ತಿರುಗಿ ನಮ್ಮ ಮೇಲೆಯೇ ಬಂದೀತು. ಹಾಗಾದರೆ ಎರಡಕ್ಕೂ ಆಗುವಂಥ ಒಂದೇ ರೈಫಲ್ ತೋಟೆ ಯಾವುದು? ಮದುವೆಗೂ ಗದ್ದೆಗೂ ಒಂದೇ ಚಪ್ಪಲಿ ಹುಡುಕಿದ ಹಾಗೆ.

ಮಜಾ ಏನೆಂದರೆ, ನಾವಿದ್ದ ದೇಶದಲ್ಲಿ ಜಿಂಕೆಯೂ ಇಲ್ಲ, ಹಂದಿಯೂ ಇಲ್ಲ. ಹಂದಿ ಮಾಂಸದ ಹೆಸರೆತ್ತಿದರೇ ತಪ್ಪು. ಊರಿಗೆ ಹೋದರೆ ಜಿಂಕೆಗೆ ಕೈ ಹಚ್ಚಿದವನಿಗೆ ಜೈಲು. ಆದರೂ ಅಲ್ಲಿನ ವಾರದ ರಜೆಯಾದ ಶುಕ್ರವಾರ ಚರ್ಚಿನಿಂದ ಬಂದು ಊಟ ಮುಗಿಸಿದ ಸಿರಿಲಣ್ಣ ಬನಿಯನ್ನಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ತೀರ್ಪು ಕೊಡುವರು. "ತ್ರೀ ನಾಟ್ ಏಟ್ ಉಂಟಲ್ಲ, ಅದಕ್ಕೆ ಸಮ ಬೇರೆ ಇಲ್ಲ. ಖಲಾಸ್!" ಯಾರಾದರೂ ಥರ್ಟಿ ನಾಟ್ ಸಿಕ್ಸ್ ಎಂಬ ಇನ್ನೊಂದು ತೋಟೆಯ ಹೆಸರೆತ್ತಿದರೆ ಮುಖ ಕೆಂಪಗಾಗುವುದು. ಅಲ್ಲಿಯವರು ಇವರನ್ನು ಹುಲಿ ಹೊಡೆದ ಮುದುಕ ಎಂದೇ ತಿಳಿದಿದ್ದರು. ಇವರೂ ಇಲ್ಲವೆನ್ನಲಿಲ್ಲ.

"ನೀವು ನಿಜವಾಗ್ಲೂ ಎಷ್ಟು ಹಂದಿ ಹೊಡ್ದಿದ್ದೀರಿ ಸಿರಿಲಣ್ಣ?" ಎಂದು ಒಮ್ಮೆ ಕೇಳಿದೆ.

"ನಮ್ಮ ಅಪ್ಪ ಇದ್ರಲ್ಲ, ದೊಡ್ಡ ಬೇಟೆಗಾರ" ಎಂದರು. ಕೇಳಿದ್ದಕ್ಕೆ ಉತ್ತರ ಅದಲ್ಲವೆಂದು ನನಗೂ ಗೊತ್ತಾಯಿತು, ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಇಬ್ಬರೂ ಚಹಾ ಕುಡಿದೆವು.

ಒಂದು ದಿನ ವಿಪರೀತ ಧೂಳುಗಾಳಿ. ಕಿಟಕಿಯಾಚೆ ಏನೂ ಕಾಣುತ್ತಿಲ್ಲ ಎಂದು ಸಿರಿಲಣ್ಣ ಆ ಹರಟೆಯ ತಾಣದಲ್ಲಿ ಊರಿನ ಹೆಸರಿನ ಸಮೇತ ಬರೆದುಬಿಟ್ಟರು. ತಕ್ಷಣ ಡೇಲ್ ಎಂಬೊಬ್ಬನ ಉತ್ತರ ಬಂತು. ತಾನು ಕುವೈತಿನಲ್ಲೇ ಇದ್ದೇನೆ, ಅಮೆರಿಕದ ಸೈನ್ಯದ ಶಿಬಿರದಲ್ಲಿ ಲಾರಿ ರಿಪೇರಿ ಮಾಡುತ್ತೇನೆ, ಒಂದು ಮುಖ್ಯ ವಿಷಯ ಕೇಳಬೇಕು, ಸಿಗುತ್ತೀರಾ ಎಂದು. ಸಿರಿಲಣ್ಣನ ಬಣ್ಣವೇ ಇಳಿದುಹೋಯಿತು.

"ನೀನೂ ಬಾ ಮಾರಾಯ. ನಾನು ತಪ್ಪು ಹೇಳಿದ್ರೆ ಕೆಮ್ಮು."

"ಸರಿ ಯಾವುದು ಅಂತ ನನಗೇ ಗೊತ್ತಿಲ್ವಲ್ಲ?"

"ಹಾಗಾದ್ರೆ ಸುಮ್ನೆ ಕೆಮ್ಮು."

ಸಮುದ್ರದ ಬದಿಯ ಚಹಾದಂಗಡಿಯಲ್ಲಿ ಭೇಟಿಯಾದೆವು. ಡೇಲ್ ಎತ್ತರದ ಆಳು, ಉಗುರಿನ ಸಂದಿಯಲ್ಲಿ ಗ್ರೀಸು, ಮಾತು ಮೆಲ್ಲಗೆ. ಕೂತವನೇ ಜೇಬಿನಿಂದ ಮಗಳ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಹೆಂಡತಿ ಬೇರೆಯಾಗಿದ್ದಾಳೆ, ಹುಡುಗಿ ಅವಳ ಜೊತೆಗಿದ್ದಾಳೆ, ಫೋನಿನಲ್ಲಿ ಹೂಂ ಉಹೂಂ ಬಿಟ್ಟರೆ ಮಾತಿಲ್ಲ ಎಂದ. ಚಿಕ್ಕವಳಿದ್ದಾಗ ಒಮ್ಮೆ ಅವಳ ಕೈಗೆ ತನ್ನ ದೊಡ್ಡ ರೈಫಲ್ ಕೊಟ್ಟನಂತೆ. ಗುಂಡು ಹಾರಿದಾಗ ಅದು ಹಿಂದಕ್ಕೆ ಒದ್ದ ಹೊಡೆತಕ್ಕೆ, ಗುರಿ ನೋಡಲು ಮೇಲೆ ಕೂರಿಸಿದ್ದ ದುರ್ಬೀನು ಹುಬ್ಬಿಗೆ ಬಡಿದು ರಕ್ತ ಬಂತು. ಮತ್ತೆ ಅವಳು ಅಪ್ಪನ ಜೊತೆ ಎಲ್ಲಿಗೂ ಹೊರಟವಳಲ್ಲ. ಈಗ ಹೇಗೋ ಒಪ್ಪಿದ್ದಾಳೆ, ಈ ರಜೆಯಲ್ಲಿ ಒಂದೇ ಒಂದು ಸಲ ಬರುತ್ತೇನೆ ಅಂದಿದ್ದಾಳೆ.

"ಅಣ್ಣನ ಹೊಲಕ್ಕೆ ಜಿಂಕೆಯೂ ಬರುತ್ತದೆ, ಹಂದಿಯೂ ಬರುತ್ತದೆ. ಅವಳಿಗೆಂದೇ ಒಂದು ರೈಫಲ್ ಕೊಳ್ಳಬೇಕು. ಎಲ್ಲರೂ ದೊಡ್ಡದೇ ಹೇಳುತ್ತಾರೆ. ನೀವು ಹಳೆಯ ಬೇಟೆಗಾರರು. ನೀವು ಹೇಳಿದ್ದನ್ನೇ ಕೊಳ್ಳುತ್ತೇನೆ. ಈ ಸಲ ತಪ್ಪಿದರೆ ಅವಳು ಮತ್ತೆ ಬರುವುದಿಲ್ಲ" ಎಂದ.

ತ್ರೀ ನಾಟ್ ಏಟ್ ಎಂಬ ಉತ್ತರ ಸಿರಿಲಣ್ಣನ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿ ಎದ್ದು ಬರಬಹುದಿತ್ತು. ಅವರು ಹೇಳಲಿಲ್ಲ. ಫೋಟೋವನ್ನೇ ನೋಡುತ್ತ ಕೂತರು. ನಾನು ಯಾವುದಕ್ಕೂ ಇರಲಿ ಎಂದು ಕೆಮ್ಮಿದೆ. ಅವರಿಗೆ ಅದು ಕೇಳಿಸಲೇ ಇಲ್ಲ.

ಆಮೇಲೆ ತಮ್ಮ ಮಂಗಳೂರು ಇಂಗ್ಲಿಷಿನಲ್ಲಿ ನಿಧಾನವಾಗಿ ಶುರುಮಾಡಿದರು. ತಾನು ಬೇಟೆಗಾರನಲ್ಲ, ಜೀವಮಾನದಲ್ಲಿ ಒಂದೇ ಈಡು ಹೊಡೆದದ್ದು, ಅದೂ ಒಂದು ಮಡಕೆಗೆ, ಅದೂ ತಾಗಲಿಲ್ಲ ಎಂದರು. ಮೀಸೆ ಚಿಗುರುವ ವಯಸ್ಸು. ಅಪ್ಪ ತಮ್ಮ ಜೊತೆಗಾರರ ಎದುರು ಮೊದಲ ಸಲ ಕೋವಿ ಕೊಟ್ಟಿದ್ದರು. ಕೋವಿ ಒದ್ದ ರಭಸಕ್ಕೆ ಹುಡುಗ ಕುಂಡೆ ಊರಿ ಬಿದ್ದ. ಬಿದ್ದವನು ಮೊದಲು ತಿರುಗಿ ನೋಡಿದ್ದು ಅಪ್ಪನ ಮುಖವನ್ನು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಮುಂದಿನ ಸಲ ಕರೆದಾಗ ತಲೆನೋವು ಅಂದೆ. ಅದರ ಮುಂದಿನ ಸಲವೂ ಅಂದೆ. ಆಮೇಲೆ ಅವರು ಕರೆಯುವುದನ್ನೇ ಬಿಟ್ಟರು. ನಾನು ಇಲ್ಲಿಗೆ ಬಂದೆ, ಅವರು ತೀರಿಹೋದರು" ಎಂದರು.

ಡೇಲ್ ಎದ್ದುಹೋಗುತ್ತಾನೆ ಎಂದುಕೊಂಡೆ. ಅವನು ಇನ್ನೂ ಮೂರು ಚಹಾ ಹೇಳಿದ.

ಆ ಸಂಜೆ ಅವರಿಬ್ಬರೂ ಲೆಕ್ಕ ಹಾಕಿದ್ದು ಹಂದಿಯ ಚರ್ಮದ್ದಲ್ಲ, ಹುಡುಗಿಯ ಭುಜದ್ದು. ಕೊನೆಗೆ ಸಿರಿಲಣ್ಣ ಇಷ್ಟು ವರ್ಷ ಕಾದಾಡಿಕೊಂಡು ಬಂದ ತ್ರೀ ನಾಟ್ ಏಟನ್ನು ಬಿಟ್ಟುಕೊಟ್ಟರು. ಅದಕ್ಕೊಂದು ತಂಗಿ ಇದೆಯಂತೆ, ಸೆವೆನ್ ಎಂಎಂ ನಾಟ್ ಏಟ್ ಎಂದು ಹೆಸರು. ಅದೇ ತೋಟೆಯ ಕತ್ತನ್ನು ಕಿರಿದು ಮಾಡಿ ಸಪೂರ ಗುಂಡು ಕೂರಿಸಿದ್ದು. ಜಿಂಕೆಗೆ ಧಾರಾಳ ಸಾಕು, ಸರಿಯಾದ ಜಾಗಕ್ಕೆ ಹೊಡೆದರೆ ಹಂದಿಗೂ ಸಾಕು, ಒದೆತ ಮಾತ್ರ ಕಡಿಮೆ. ಈ ವರ್ಷ ಹಂದಿ ಬಂದರೆ ಬರಲಿ, ಬಿಟ್ಟುಬಿಡಿ ಎಂದೂ ಹೇಳಿದರು. ಏಳುವಾಗ ಡೇಲನ ತೋಳು ಹಿಡಿದು ಇನ್ನೊಂದು ಮಾತು ಸೇರಿಸಿದರು: "ಮೊದಲ ಈಡು ಆದ ಮೇಲೆ ಅವಳು ತಿರುಗಿ ನಿಮ್ಮ ಮುಖ ನೋಡುತ್ತಾಳೆ. ಏನೇ ಆಗಿರಲಿ, ನಗಬೇಡಿ."

ಆಮೇಲಿನ ವಾರಗಳಲ್ಲಿ ಸಿರಿಲಣ್ಣ ಆ ತಾಣದಲ್ಲಿ ಜಗಳವಾಡುವುದನ್ನೇ ನಿಲ್ಲಿಸಿದರು. ಕೆಲಸದಿಂದ ಬಂದವರೇ ಬೂಟು ಕೂಡ ಬಿಚ್ಚದೆ ಮೇಲ್ ನೋಡುವುದು, ಮುಚ್ಚುವುದು. ಪರೀಕ್ಷೆಯ ಫಲಿತಾಂಶ ಕಾಯುವ ತಂದೆಯಂತೆ ಅವರ ಪಾಡು. ಅಷ್ಟೇನೂ ಸಂಬಂಧವಿಲ್ಲದ ನಾನು ಕೂಡ ಬಾಗಿಲಲ್ಲೇ "ಬಂತಾ?" ಎಂದು ಕೇಳತೊಡಗಿದ್ದೆ.

ಹೊದಿಕೆ ಬೇಕೆನಿಸುವಷ್ಟು ಚಳಿ ಬಿದ್ದ ಮೇಲೆ ಅದು ಬಂತು. ಡೇಲನ ಸಣ್ಣ ಪತ್ರ. "ಮೊದಲ ಈಡು ಗುರಿಗಿಂತ ಎಷ್ಟೋ ಆಚೆ ಹೋಯಿತು. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ನಗಲಿಲ್ಲ. ಅವಳು ಕೈ ಚಾಚಿ ಇನ್ನೊಂದು ತೋಟೆ ಕೇಳಿದಳು." ಜಿಂಕೆ ಹೊಡೆದರೋ, ಹಂದಿ ಹೊಡೆದರೋ, ಒಂದು ಮಾತೂ ಅದರಲ್ಲಿರಲಿಲ್ಲ. ಸಿರಿಲಣ್ಣ ನನಗೆ ಅದನ್ನು ಎರಡು ಸಲ ಓದಿ ಹೇಳಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದರು. ತುಂಬ ಹೊತ್ತು ತೊಳೆದರು.

ಬಸ್ಸಿನಿಂದಲೇ ಅವರಿಗೆ ಫೋನು ಹಚ್ಚಿದೆ. ಈಗ ಅವರು ಊರಿನಲ್ಲೇ ಇದ್ದಾರೆ, ಅಪ್ಪನ ಕೋವಿಯ ಲೈಸೆನ್ಸು ತಮ್ಮ ಹೆಸರಿಗಾಗಿದೆ.

"ಕೋವಿ ಒಪ್ಪಿಸಿದ್ರಾ ಸಿರಿಲಣ್ಣ?"

"ಒಪ್ಪಿಸಿದೆ ಮಾರಾಯ. ಅದಕ್ಕೆ ಮೊದ್ಲು ಒಂದು ಈಡು ಹೊಡ್ದೆ, ಗೊತ್ತುಂಟಾ?"

"ಹಂದಿಗಾ?"

"ಎಂತ ಹಂದಿ! ಮಡಕೆ ಇಟ್ಟು ಹೊಡ್ದದ್ದು. ಈ ಸಲವೂ ತಾಗ್ಲಿಲ್ಲ. ಈ ಸಲವೂ ಬಿದ್ದೆ. ಬಿದ್ದವನು ತಿರುಗಿ ನೋಡಿದೆ."

"ಯಾರಿದ್ರು?"

"ಯಾರಿರ್ತಾರೆ? ಯಾರೂ ಇಲ್ಲ. ನಕ್ಕಿದ್ರೂ ಅಡ್ಡಿಯಿಲ್ಲ ಮಾರಾಯ, ಅಪ್ಪ ಇರ್ಬೇಕಿತ್ತು ಅಂತ ಕಂಡಿತು."

ನಾನು ಕಂಡೇ ಇರದ ಆ ಅಪ್ಪನ ಮೇಲೆ ಇಷ್ಟು ವರ್ಷ ನನಗೊಂದು ಕೋಪವಿತ್ತು. ಬಸ್ಸಿನಲ್ಲಿ ಕೂತಲ್ಲೇ ಅದು ಇಳಿದುಹೋಯಿತು.