ಅಮಾವಾಸ್ಯೆಗೆ ಮಲಗುವ ಕಂಪ್ಯೂಟರು

ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ. ಲಾರಿ ಇದ್ದವರಿಗೆಲ್ಲ ಏಕಾಏಕಿ ವೆಬ್‌ಸೈಟಿನ ಹುಚ್ಚು ಹತ್ತಿತ್ತು. ಮಾಡಿಸಿಕೊಂಡದ್ದು ಕೈಕೊಟ್ಟರೆ ಎಲ್ಲರೂ ಓಡುತ್ತಿದ್ದದ್ದು ಕೌಸರ್ ಹತ್ತಿರ. ಕೌಸರ್ ಅಂದರೆ ಸಿರುಗುಪ್ಪದ ಟ್ರ್ಯಾಕ್ಟರ್ ಮೆಕ್ಯಾನಿಕ್ ಗೌಸಸಾಬರ ಮಗಳು. ವೆಬ್‌ಸೈಟು ಕಟ್ಟುವ ಪಿಎಚ್‌ಪಿ ಕಲಿತು, ಬಳ್ಳಾರಿಯ ಬಸ್‌ಸ್ಟ್ಯಾಂಡ್ ಹಿಂದೆ ಇರಲಿಕ್ಕೂ ಕೆಲಸಕ್ಕೂ ಒಂದು ಖೋಲಿ ಹಿಡಿದು, ತನ್ನ ಹೆಸರಿನ ಬೋರ್ಡು ಬರೆಸಿ ಆರು ತಿಂಗಳಾಗಿತ್ತು. ‘ಲಾರಿ ಫೋಟೊ ಏರವಲ್ದು’ ಅಂತ ಒಬ್ಬ ತಲೆ ಮೇಲೆ ಕೈಹೊತ್ತು ಬಂದರೆ, ಫೋಟೊ ಕೂರಬೇಕಾದ ಫೋಲ್ಡರಿಗೆ ಬರೆಯುವ ಅನುಮತಿ ಕೊಟ್ಟು, ಚಹಾ ಆರುವುದರೊಳಗೆ ಅವನನ್ನು ನಗಿಸಿ ಕಳಿಸುತ್ತಿದ್ದಳು.

ಅಂಥವಳಿಗೂ ಬೆವರಿಳಿಸಿದ್ದು ಕುರುಗೋಡಿನ ಲಾರಿ ಆಫೀಸು. ಯಾವ ಲಾರಿಯ ಲೋಡಿಂಗ್ ಪಾಳಿ ಯಾವಾಗ ಅಂತ ತೋರಿಸುವ ವೆಬ್‌ಸೈಟು ಕೌಸರ್ ಮಾಡಿಕೊಟ್ಟದ್ದೇ. ಆಫೀಸಿನ ಮೂಲೆಯಲ್ಲಿದ್ದ ಕಂಪ್ಯೂಟರೇ ಅದರ ಸರ್ವರು. ಎರಡು ತಿಂಗಳಲ್ಲಿ ಎರಡು ಸಲ ಡೇಟಾಬೇಸಿನಲ್ಲಿ ಪಾಳಿ ಬರೆದಿಟ್ಟ ಟೇಬಲ್ಲು ಕೆಟ್ಟು ಕೂತಿತು. ಪರದೆ ತುಂಬ ಎರರು, ಅಂಗಳ ತುಂಬ ಡ್ರೈವರುಗಳ ಜಗಳ. ಎರಡು ಸಲವೂ ಬಸ್ಸು ಹತ್ತಿ ಓಡಿಹೋಗಿ ಟೇಬಲ್ಲು ರಿಪೇರಿ ಮಾಡಿದಳು. ಮಾಲೀಕ ಕೆಂಚಣ್ಣ ಕಡ್ಡಿ ಮುರಿದಂತೆ ಹೇಳಿದ, ‘ಇನ್ನೊಂದ್ ಸಲ ಹಿಂಗಾತಂದ್ರ ಕೆಲಸ ಹೈದರಾಬಾದಿನವ್ರಿಗಿ. ಬ್ಯಾಸರ ಮಾಡ್ಕಬ್ಯಾಡ ತಂಗಿ.’

ಬೇಸರ ಮಾಡಿಕೊಳ್ಳಬಾರದಂತೆ! ಈ ಒಂದು ಕೆಲಸ ತೋರಿಸಿಯೇ ಅವಳು ಬಾಕಿ ಗಿರಾಕಿಗಳನ್ನೆಲ್ಲ ಹಿಡಿದದ್ದು. ಇದು ಹೋದರೆ ಬೋರ್ಡು ಇಳಿಸಿ ಸಿರುಗುಪ್ಪದ ಬಸ್ಸು ಹತ್ತುವುದೇ.

ಕೋಡನ್ನೆಲ್ಲ ಜಾಲಾಡಿದಳು. ಕನೆಕ್ಷನ್ ಸರಿ, ಪಾಸ್‌ವರ್ಡು ಸರಿ. ಕೊನೆಗೆ ಡೇಟಾಬೇಸಿನ ಲಾಗ್ ಫೈಲು ತೆರೆದು ನೋಡಿದರೆ, ಎರಡು ಸಲವೂ ಅದು ನೆಟ್ಟಗೆ ನಿಂತೇ ಇಲ್ಲ, ಕೆಲಸದ ನಡುವೆಯೇ ಕರೆಂಟು ಹೋಗಿದೆ. ತಾರೀಖು ಹಿಡಿದು ಗೋಡೆಯ ಕ್ಯಾಲೆಂಡರು ನೋಡಿದಳು. ಎರಡೂ ಅಮಾವಾಸ್ಯೆ! ‘ಯಾ ಅಲ್ಲಾ, ಡೇಟಾಬೇಸಿಗೂ ಗಾಳಿ ಹಿಡಿತೈತೇನು?’ ಅಂತ ನಕ್ಕಳು.

ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆಯೇ ಕುರುಗೋಡಿಗೆ ಹೋಗಿ ಕೂತಳು. ಅಂಗಳದಲ್ಲಿ ಲಾರಿಗಳೆಲ್ಲ ತೊಳೆಸಿಕೊಂಡು, ನಿಂಬೆಹಣ್ಣು ಕಟ್ಟಿಸಿಕೊಂಡು ನಿಂತಿದ್ದವು. ಅವುಗಳ ಪೂಜೆ ಮುಗಿಸಿ ಕೆಂಚಣ್ಣನ ತಾಯಿ ಉಚ್ಚೆಂಗೆಮ್ಮ ತಟ್ಟೆ ಹಿಡಿದು ಒಳಗೆ ಬಂದರು. ಮಾನಿಟರಿಗೆ ವಿಭೂತಿ ಎಳೆದರು, ಕೀಬೋರ್ಡಿನ ಮೇಲೆ ಹೂವಿಟ್ಟರು, ಕೈಮುಗಿದರು. ಆಮೇಲೆ ಬಗ್ಗಿ, ಯುಪಿಎಸ್ಸಿನಿಂದ ಕಂಪ್ಯೂಟರಿಗೆ ಹೋದ ವೈರಿಗೇ ಕೈ ಹಾಕಿದರು.

‘ಅಮ್ಮಾರ! ಏನ್ ಮಾಡಾಕತ್ತೀರಿ?’

‘ಯಾಕವ್ವಾ ಇಷ್ಟು ಚೀರ್ತಿ? ಇವತ್ತು ಲಾರಿ ಹೊರಗ ಹೋಗಂಗಿಲ್ಲ. ಇದೂ ತಿಂಗಳೆಲ್ಲ ದುಡಿತೈತಿ, ಇದಕ್ಕ ಒಂದಿನ ಮಲಗಾಕ ಬ್ಯಾಡೇನು? ಹ್ವಾದ ಎರಡು ಅಮಾಸಿಗೂ ನಾನ ಮಲಗಿಸೀನಿ.’

ಕೌಸರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಚಣ್ಣನನ್ನು ಕೂಗಿ ತೋರಿಸಿದರೆ ತನ್ನ ತಪ್ಪಿಲ್ಲ ಅಂತ ಆಗುತ್ತಿತ್ತು. ಆದರೆ ಅಷ್ಟು ಜನ ಡ್ರೈವರುಗಳ ಮುಂದೆ ಹಿರಿಯ ಜೀವ ಬೈಸಿಕೊಳ್ಳಬೇಕಲ್ಲ! ಮನಸ್ಸು ಒಪ್ಪಲಿಲ್ಲ.

‘ಮಲಗಲಿ ಬಿಡ್ರಿ ಅಮ್ಮಾರ. ಆದ್ರ ಉಣ್ಣಾಕತ್ತಿದ ಕೂಸನ್ನ ತಟ್ಟಿ ಮುಂದಿಂದ ದರದರ ಎಳದು ಮಲಗಿಸ್ತೀರೇನು? ಇದೂ ಬರಿಯಾಕತ್ತಿದ್ದು ಮುಗಿಸಿ ಮಲಗಬೇಕು.’

‘ಅಯ್ಯ ನನ್ ಕೂಸ! ಇಷ್ಟು ದಿನ ಉಪಾಸ ಕೆಡವಿದ್ನೇನು?’ ಅಂತ ಮುದುಕಿ ಗಲ್ಲ ಬಡಿದುಕೊಂಡರು.

ಕೌಸರ್ ಅಲ್ಲೇ ಕೂತು ಪರದೆ ಮೇಲೆ ಚೆಂಡುಹೂವಿನ ಚಿತ್ರದ ಒಂದು ಗುಂಡಿ ಮಾಡಿದಳು. ಒತ್ತಿದರೆ ಪಾಳಿಗಳ ನಕಲು ಬೇರೆ ಡಿಸ್ಕಿಗೆ ಹೋಗಿ, ಡೇಟಾಬೇಸು ಕ್ರಮವಾಗಿ ಮುಚ್ಚಿ, ಆಮೇಲೆ ಕಂಪ್ಯೂಟರು ಆರಬೇಕು. ಉಚ್ಚೆಂಗೆಮ್ಮ ಕನ್ನಡಕ ಏರಿಸಿಕೊಂಡು ತಾವೇ ಒತ್ತಿದರು. ಕೆಂಚಣ್ಣನಿಗೆ ಕೌಸರ್, ‘ಸಣ್ಣ ದೋಷ ಇತ್ರಿ ಅಣ್ಣಾರ, ತಗದೀನಿ’ ಅಂದಳು ಅಷ್ಟೇ. ‘ನಾಳೆ ಮುಂಜಾನಿ ನೋಡೂಣು’ ಅಂದ ಅವನು.

ಮರುದಿನ ಆರು ಗಂಟೆಗೇ ಕೆಂಚಣ್ಣನ ನಂಬರಿನಿಂದ ಫೋನು. ಬಿಸ್ಮಿಲ್ಲಾ ಅಂತ ಎತ್ತಿದರೆ ಉಚ್ಚೆಂಗೆಮ್ಮನ ದನಿ. ‘ಎದ್ದೈತಿ ಮಗಳ! ಪಾಳಿ ಎಲ್ಲಾ ಹಂಗ ಅದಾವಂತ!’

‘ಅಣ್ಣಾರು ಏನಂದ್ರು?’

‘ಅವನೇನಂತಾನ? ವೈರ್ ಕೀಳ್ತಿದ್ದಾಕಿ ನಾನ ಅಂತ ಎಲ್ಲಾರ ಮುಂದ ಹೇಳೀನಿ. ಹೈದರಾಬಾದಿಗೂ ಫೋನ್ ಮಾಡಿಸೀನಿ, ಬರಬ್ಯಾಡ್ರಿ, ನಮ್ ಹುಡಿಗಿ ಅದಾಳ ಅಂತ.’

ಕೌಸರ್ ಫೋನು ಕಿವಿಗಿಟ್ಟುಕೊಂಡೇ ಹೊರಗೆ ಬಂದು, ಬೋರ್ಡಿನ ಮೇಲೆ ಕೂತಿದ್ದ ಕೆಂಪು ಧೂಳನ್ನು ದುಪಟ್ಟಾದಿಂದ ಒರೆಸಿದಳು.